ಹೊಗೆಯಿಲ್ಲದ ಪನ್ನೀರು

ಹೋದ ವಾರ ಮಸ್ಕತ್ತಿನ ಬೌಷರಿನ ಮಾಲಿನಲ್ಲಿ ಒಂದು ಬಾಟಲಿ ಪನ್ನೀರು ಕೊಂಡೆ. ಲೇಬಲ್ಲಿನ ಮೇಲೆ ಜಬಲ್ ಅಖ್ದರ್ ಬೆಟ್ಟವಿತ್ತು, ಗುಲಾಬಿ ಇತ್ತು. ಮನೆಗೆ ತಂದು ಮುಚ್ಚಳ ತೆರೆದು ಮೂಸಿದರೆ ಬರೀ ಗುಲಾಬಿಯ ವಾಸನೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಬೆಟ್ಟದ ಪನ್ನೀರಿನಲ್ಲಿ ಮೊದಲು ಹೊಗೆ ಮೂಗಿಗೆ ಬಡಿಯಬೇಕು, ಗುಲಾಬಿ ಆಮೇಲೆ. ಮಣ್ಣಿನ ಒಲೆಯಲ್ಲಿ ಕಟ್ಟಿಗೆ ಉರಿಸಿ, ಮಡಕೆಯಲ್ಲಿ ಎಸಳು ಬೇಯಿಸಿ, ಆವಿ ತಣಿಸಿ ಇಳಿಸುವ ನೀರು ಅದು. ಒಂದು ಹನಿ ಚಹಾಕ್ಕೆ ಬಿದ್ದರೂ ಒಲೆಯ ಮುಂದೆ ಕೂತ ಹಾಗಾಗುತ್ತಿತ್ತು. ಈಗ ಗ್ಯಾಸಿನಲ್ಲಿ ಮಾಡುತ್ತಾರಂತೆ. "ಇದ್ರಲ್ಲಿ ಹೊಗೆಯೇ ಇಲ್ಲ" ಎಂದೆ. ಮಗಳು ಫೋನಿನಿಂದ ತಲೆ ಎತ್ತದೆ, "ದಟ್ಸ್ ಎ ಗುಡ್ ಥಿಂಗ್, ಅಮ್ಮ" ಎಂದಳು.

ನಾನು ಬೆಳೆದದ್ದು ಆ ಬೆಟ್ಟದ ಮೇಲಿನ ಒಂದು ಸಣ್ಣ ಊರಿನಲ್ಲಿ. ಅಪ್ಪ ಅಲ್ಲಿನ ಹವಾಮಾನ ಠಾಣೆಯ ಟೆಕ್ನಿಷಿಯನ್. ಗಾಳಿ, ಮಳೆ ಅಳೆಯುವ ಯಂತ್ರಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಉಡುಪಿ ಕಡೆಯ ನಾವು ಬಾಡಿಗೆಗಿದ್ದದ್ದು ಕಲ್ಲಿನ ಗೋಡೆಯ ಎರಡು ಕೋಣೆಯ ಮನೆಯಲ್ಲಿ. ಒಡತಿ ಜೂಖಾ ಎಂಬ ಮುದುಕಿ ಪಕ್ಕದಲ್ಲೇ ಇದ್ದರು. ಅಲ್ಲಿನ ಮಕ್ಕಳು ಅಜ್ಜಿಯನ್ನು ಕರೆಯುವಂತೆ ನಾನೂ ಅವರನ್ನು ಹಬೂಬಾ ಎನ್ನುತ್ತಿದ್ದೆ. ನಮ್ಮ ಅಂಗಳದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಿದ್ದುದು ಅವರ ಗುಲಾಬಿ ತೋಟ. ಊರಿನ ನೀರಿನ ಕಾಲುವೆ ಸೊರಗಿದ ಮೇಲೆ ನಮ್ಮ ಹಿತ್ತಲಿನ ತೊಟ್ಟಿಯಿಂದ ಒಂದು ಪೈಪು ಆ ತೋಟಕ್ಕೆ ಹೋಗಿತ್ತು. ತೊಟ್ಟಿಗೆ ಟ್ಯಾಂಕರಿನ ನೀರು. ಮಸ್ಕತ್ತಿನಲ್ಲಿದ್ದ ಹಬೂಬಾಳ ಮಗ ಬಂದಾಗಲೆಲ್ಲ, ಇನ್ನು ಸಾಕು ಕೆಳಗೆ ಬಾ ಎಂದು ಜೀವ ತಿನ್ನುತ್ತಿದ್ದ. ಗುಲಾಬಿ ಇರುವವರೆಗೆ ನಾನು ಇಲ್ಲೇ ಎಂದು ಅವರು ಹೇಳಿಬಿಟ್ಟಿದ್ದರು. ಹಬೂಬಾ ಹೋಗಬಾರದೆಂದು ಎಲ್ಲರಿಗಿಂತ ಹೆಚ್ಚು ಬೇಡಿಕೊಂಡವಳು ಅಮ್ಮ. ಆ ಎತ್ತರದಲ್ಲಿ ಅವಳಿಗಿದ್ದ ಒಬ್ಬಳೇ ಗೆಳತಿ ಆಕೆ. ಅಮ್ಮನಿಗೆ ಅರಬ್ಬಿ ಅಷ್ಟಕ್ಕಷ್ಟೇ, ಹಬೂಬಾಗೆ ಗೊತ್ತಿದ್ದ ಕನ್ನಡ 'ಬಾ', 'ತಿನ್ನು'. ಆದರೂ ಇಬ್ಬರೂ ಹಬೂಬಾಳ ಪನ್ನೀರಿನ ಒಲೆಯ ಹತ್ತಿರ ಕೂತು ಇಡೀ ಬೆಳಿಗ್ಗೆ ಮಾತಾಡುತ್ತಿದ್ದರು.

ಬೇಸಿಗೆಯ ಮಧ್ಯಾಹ್ನಗಳಲ್ಲಿ ಆ ಊರಿನ ಮೇಲೆ ಮೋಡ ಕಟ್ಟುತ್ತಿತ್ತು. ಗುಡುಗುತ್ತಿತ್ತು, ಮಿಂಚುತ್ತಿತ್ತು, ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತು. ಮಳೆ ಮಾತ್ರ ಇಲ್ಲ. ಹೀಗೆ ಆಸೆ ತೋರಿಸಿ ಕೈಕೊಡುವ ಆಕಾಶವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಮ್ಮ ಹುಟ್ಟಿದ ಊರಿನಲ್ಲಿ ಕಪ್ಪು ಮೋಡ ಎಂದರೆ ಮಳೆ, ಅದರಲ್ಲಿ ಎರಡು ಮಾತಿಲ್ಲ. ಅವಳು ಏದುಸಿರು ಬಿಡುತ್ತ ತಾರಸಿಯ ಸಂಡಿಗೆಯನ್ನು ಒಳಗೆ ತರುವುದು, ಅಷ್ಟರಲ್ಲಿ ಬಿಸಿಲು ಬರುವುದು, ಮತ್ತೆ ಹೊತ್ತುಕೊಂಡು ಮೇಲೆ ಹತ್ತುವುದು. ಅಪ್ಪನನ್ನು ಕೇಳಿದರೆ ಒಂದೇ ಉತ್ತರ: "ಬರ್ಲಿಕ್ಕೂ ಸಾಕು, ಬಾರದೆ ಇರ್ಲಿಕ್ಕೂ ಸಾಕು." ಹವಾಮಾನದವರನ್ನು ಮದುವೆಯಾಗಿ ಒಂದು ಸಂಡಿಗೆ ಒಣಗಿಸುವಷ್ಟೂ ಉಪಯೋಗವಾಗಲಿಲ್ಲ ಎಂದು ಅಮ್ಮ ಕಾಲೆಳೆಯುತ್ತಿದ್ದಳು.

ಆ ದಿನ ಪಶ್ಚಿಮದ ಏರಿನ ಹಿಂದೆ ಎದ್ದ ಮೋಡವೇ ಬೇರೆ. ಬುಡದಿಂದಲೇ ದಟ್ಟವಾಗಿ, ಕಪ್ಪಾಗಿ ಎದ್ದು ನಿಂತಿತ್ತು. "ಕಾಣು, ಇದು ನಮ್ಮೂರಿನ ಮೋಡ" ಎಂದು ಅಮ್ಮ ನನ್ನನ್ನು ಅಂಗಳಕ್ಕೆ ಎಳೆದು ತೋರಿಸಿದಳು. ಠಾಣೆಗೆ ಫೋನು ಮಾಡಿ, "ಇದು ಮಳೆಯೇ ಅಲ್ವಾ ಮಾರಾಯ್ರೆ?" ಎಂದು ಕೇಳಿದಳು. "ಇರ್ಲಿಕ್ಕೂ ಸಾಕು" ಎಂದರು ಅಪ್ಪ. ಹೊರಗೆ ಬಂದು ಒಮ್ಮೆ ತಲೆ ಎತ್ತಿ ನೋಡಿದ್ದರೆ! ಮೊದಲ ಮಳೆಗೆ ಮುಂಚೆ ತೊಟ್ಟಿ ತೊಳೆಯುವುದು ಅಮ್ಮನ ತವರಿನ ಪದ್ಧತಿ. ಹೊಸ ನೀರಿಗೆ ಹಳೆಯದು ಬೆರೆಯಬಾರದು. ಅವಳು ತೊಟ್ಟಿಯ ಬುಡದ ಬಿರಡೆ ಕಿತ್ತಳು. ತುಕ್ಕಿನ ವಾಸನೆಯ ಟ್ಯಾಂಕರ್ ನೀರೆಲ್ಲ ಜಲ್ಲಿಕಲ್ಲಿನ ನಡುವೆ ಹರಿದು ಇಂಗಿಹೋಯಿತು. ನೈಟಿ ಎತ್ತಿ ಕಟ್ಟಿ, ತೆಂಗಿನ ನಾರು ಹಿಡಿದು ಒಳಗಿಳಿದು, ಮಳೆನೀರಿನಲ್ಲಿ ಅನ್ನ ಎಷ್ಟು ಬೆಳ್ಳಗೆ ಆಗುತ್ತದೆ ಎಂದು ಹೇಳುತ್ತ ತಿಕ್ಕಿದಳು. ಹೊಗೆಯ ವಾಸನೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಹಬೂಬಾಳ ಒಲೆಯ ಪಕ್ಕದಲ್ಲಿ ಹೊಗೆಯ ವಾಸನೆ ಇಲ್ಲದ ದಿನ ಯಾವುದಿತ್ತು?

ತೊಟ್ಟಿಯ ಒದ್ದೆ ಅಂಚಿನ ಮೇಲೆ ಮೊದಲು ಬಿದ್ದದ್ದು ಹನಿಯಲ್ಲ, ಬೂದಿ. ಸಿಡಿಲಿನಿಂದಲೋ, ಮೋಜಿಗೆ ಬಂದವರು ಬಿಟ್ಟುಹೋದ ಕೆಂಡದಿಂದಲೋ, ಕಣಿವೆಯ ಒಣಹುಲ್ಲಿಗೆ ಬೆಂಕಿ ಹತ್ತಿ ಏರು ದಾಟಿ ಬಂದಿತ್ತು. ತೋಟದ ಕೆಳಗಿನ ಮೆಟ್ಟಿಲು ಆಗಲೇ ಉರಿಯುತ್ತಿತ್ತು. ಹಬೂಬಾ ಪೈಪಿನ ತುದಿ ಹಿಡಿದು ನಲ್ಲಿ ಬಿಡುವಂತೆ ಕೂಗಿದರು. ನಾನು ತಿರುಗಿಸಿದೆ. ಪೈಪು ಒಮ್ಮೆ ಬುಸ್ಸೆಂದು ಸುಮ್ಮನಾಯಿತು. ಹಬೂಬಾ ಮೇಲೆ ಬಂದು ತೊಟ್ಟಿಯೊಳಗೆ ಇಣುಕಿದರು. ಅಮ್ಮ ನಾರು ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

"ಖಲಾಸ್?" ಎಂದರು ಹಬೂಬಾ.

"ಖಲಾಸ್" ಎಂದಳು ಅಮ್ಮ.

ಊರಿನವರು ಒದ್ದೆ ಗೋಣಿ ಬಡಿದು, ಅಪ್ಪ ಠಾಣೆಯ ಗಾಡಿಯಲ್ಲಿ ಡ್ರಮ್ಮುಗಳನ್ನು ತಂದು, ಮನೆಗಳೇನೋ ಉಳಿದವು. ಗುಲಾಬಿ ಒಂದು ಗಿಡವೂ ಉಳಿಯಲಿಲ್ಲ. ಅದೇ ವಾರ ಮಳೆ ಸುರಿಯಿತು, ನಾಚಿಕೆಗೆಟ್ಟ ಮಳೆ. ತೊಟ್ಟಿ ತುಂಬಿ ಚೆಲ್ಲಿದ ನೀರು ಸುಟ್ಟ ತೋಟದ ಮಸಿಯನ್ನು ತೊಳೆದುಕೊಂಡು ಹೋಯಿತು. ಅಮ್ಮ ಆ ನೀರಿನಲ್ಲಿ ಅನ್ನ ಮಾಡಲಿಲ್ಲ. ಹಬೂಬಾಳ ಮಗ ಮಸ್ಕತ್ತಿನಿಂದ ಗಾಡಿ ತಂದ. ಹೊರಡುವಾಗ ಹಬೂಬಾ ಅಮ್ಮನ ಮುಖ ಹಿಡಿದು ಹಣೆಗೆ ಮುತ್ತಿಟ್ಟರೇ ಹೊರತು ತೊಟ್ಟಿಯ ಮಾತೆತ್ತಲಿಲ್ಲ. ನನಗೆ ಇವತ್ತಿಗೂ ಸಹಿಸಲಾಗದ್ದು ಅದೇ. ಒಮ್ಮೆ ಬೈದಿದ್ದರೆ ಅಮ್ಮ ಅತ್ತು ಹಗುರಾಗುತ್ತಿದ್ದಳು. ಆ ನೀರಿದ್ದರೂ ಅಷ್ಟು ಬೆಂಕಿಗೆ ಸಾಲುತ್ತಿರಲಿಲ್ಲ ಎಂದು ಅಪ್ಪ ಹೇಳಬಹುದಿತ್ತು. ಅವರು ಹೇಳಿದ್ದು, "ಸಾಲ್ಲಿಕ್ಕೂ ಸಾಕಿತ್ತು, ಸಾಲದೆ ಇರ್ಲಿಕ್ಕೂ ಸಾಕಿತ್ತು."

ನಾವೂ ಬೆಟ್ಟ ಇಳಿದು ಮಸ್ಕತ್ತಿನ ವಾದಿ ಕಬೀರಿನ ಫ್ಲ್ಯಾಟಿಗೆ ಬಂದೆವು. ಅಲ್ಲಿ ಆಕಾಶ ಕಪ್ಪಿಟ್ಟರೆ ಸಾಕು, ಅಮ್ಮ ಬಕೆಟ್ಟು, ಹಂಡೆ, ಕುಕ್ಕರು, ಕೊನೆಗೆ ಹಾಲಿನ ಪಾತ್ರೆಗೂ ನೀರು ತುಂಬಿಡುತ್ತಿದ್ದಳು. ಮಳೆ ಬರುವಾಗ ನೀರು ಹಿಡಿದಿಡುವ ಉಡುಪಿಯವರು ಎಂದು ಪಕ್ಕದ ಮನೆಯವರು ನಗುತ್ತಿದ್ದರು. ಅಮ್ಮನೂ ನಗುತ್ತಿದ್ದಳು, ನಲ್ಲಿ ಮಾತ್ರ ನಿಲ್ಲಿಸುತ್ತಿರಲಿಲ್ಲ. ಈಗ ಅಮ್ಮನಿಲ್ಲ, ಹಬೂಬಾ ಇಲ್ಲ. ಹೋದ ವರ್ಷ ಮೇಲೆ ಹೋಗಿ ನೋಡಿದರೆ ನಮ್ಮ ಮನೆಯಿದ್ದ ಜಾಗದಲ್ಲಿ ಪ್ರವಾಸಿಗರು ಕಾರು ನಿಲ್ಲಿಸುತ್ತಾರೆ. ಬಾಡಿಗೆ ಮನೆ, ಪರದೇಶ; ನನ್ನದು ಎಂದು ಯಾರ ಮುಂದೆ ಹೇಳಿಕೊಳ್ಳಲಿ? ನಿಮಗೂ ಅಂಥದೊಂದು ಮನೆಯಿದ್ದರೆ ನಿಮಗೆ ಗೊತ್ತಿರುತ್ತದೆ.

ನಿನ್ನೆ ಸಂಜೆ ಬೌಷರಿನ ಗುಡ್ಡಗಳ ಹಿಂದೆ ಮೋಡ ಎದ್ದಿತು. ನಾನು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಮಗಳು ಬಾಗಿಲಲ್ಲಿ ಬಂದು ನಿಂತು, "ವಾಟರ್ ಕಟ್ ಉಂಟಾ ಅಮ್ಮ?" ಎಂದು ಕೇಳಿದಳು.

"ಇಲ್ಲ" ಎಂದೆ. "ಆ ಇನ್ನೊಂದು ಬಕೆಟ್ ಕೊಡು ಇಲ್ಲಿ."