ಕುಂಕುಮ ಹಚ್ಚಿದ ಮದರ್‌ಬೋರ್ಡು

ಹೊನ್ನಾವರದ ಯಾವುದೇ ಕಚೇರಿಯಲ್ಲಿ ಕೀಲಿಮಣೆಯತ್ತ ನೋಡದೆ ಟೈಪ್ ಮಾಡುವವರು ಕಂಡರೆ, ಅವರು ವಿನುತಾ ಅಕ್ಕೋರ, ಅಂದರೆ ವಿನುತಾ ಟೀಚರ, ಹತ್ತಿರ ಕಲಿತವರೆಂದು ಧೈರ್ಯವಾಗಿ ಹೇಳಬಹುದಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅನಂತಮೂರ್ತಿ ಮಾಸ್ತರು ತಮ್ಮ ಮನೆಯ ಮುಂಗೋಣೆಯಲ್ಲಿ ನಡೆಸುತ್ತಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ವಿನುತಾ ಕಲಿಯಲು ಬಂದವಳು. ಕಲಿಸುವವಳಾಗಿ ಅಲ್ಲೇ ಉಳಿದಳು. ಹಳದೀಪುರದಿಂದ ದಿನವೂ ಬಸ್ಸಿನಲ್ಲಿ ಬಂದು, ಬೀಗ ತೆಗೆದು, ಟೈಪ್‌ರೈಟರುಗಳ ಮುಸುಕು ಮಡಚಿಡುವಳು. ಹೊಸಬರು ಕೂತರೆ ಅವರ ಕೈಗಳ ಮೇಲೆ ಒಂದು ಕರವಸ್ತ್ರ ಹೊದಿಸುವಳು. ಬೆರಳಿಗೆ ಕಣ್ಣು ಬರುವವರೆಗೆ ಆ ವಸ್ತ್ರ ತೆಗೆಯುವಂತಿರಲಿಲ್ಲ. ಕಳ್ಳತನದಲ್ಲಿ ಬಗ್ಗಿ ನೋಡಿದವರಿಗೆ ಅಡಿಕೋಲಿನ ಒಂದು ಸಣ್ಣ ಏಟು.

ಮಾಸ್ತರು ತೀರಿಕೊಂಡ ಮೇಲೆ ಕಲಿಯುವವರು ಕಡಿಮೆಯಾಗುತ್ತ ಬಂದರು. ಎರಡು ಸಾವಿರದ ಏಳರ ಮಳೆಗಾಲದ ಹೊತ್ತಿಗೆ ಬೆಳಗಿನ ಹೊತ್ತು ಕೆಲವರು, ಸಂಜೆ ಯಾರೂ ಇಲ್ಲ. ಮಾಸ್ತರ ಮಗ ಅರುಣ ಹೆದ್ದಾರಿಯ ಬದಿಯಲ್ಲಿ ಪೇಂಟ್ ಅಂಗಡಿ ಇಟ್ಟುಕೊಂಡವನು. ಒಂದು ದಿನ ಬಂದು, ಕೂರದೆ ನಿಂತೇ ಹೇಳಿದ.

"ಅಕ್ಕೋರೆ, ಇದು ಹೀಂಗೇ ನಡೆಯೂದಿಲ್ಲ. ದಸರೆಗೆ ಒಂದು ಕಂಪ್ಯೂಟರ್ ಹಾಕುವಾ. ಅದು ನಿಮ್ಮ ಕೈಯಲ್ಲಿ ಸರಿಯಾಗಿ ನಡೆದ್ರೆ ಕಂಪ್ಯೂಟರ್ ಕ್ಲಾಸು, ನೀವೇ ಅಕ್ಕೋರು. ಇಲ್ಲಾಂದ್ರೆ ಈ ರೂಮಿಗೆ ಮೊಬೈಲ್ ಅಂಗಡಿಯವ ಕಾಯ್ತಾ ಇದ್ದ."

"ಮತ್ತೆ ನಾನು?"

"ಅದಕ್ಕೇ ಹೇಳೂದು, ಸರಿಯಾಗಿ ನಡೀಲಿ ಅಂತ."

ಯಂತ್ರಕ್ಕೆ ಅಷ್ಟಿಷ್ಟು ಕೊಡುತ್ತೇನೆ, ಸಾಫ್ಟ್‌ವೇರ್ ಸಿ.ಡಿ.ಗಳಿಗೆ ಒಂದು ಪೈಸೆಯೂ ಇಲ್ಲ ಎಂದು ಅವನು ಮೊದಲೇ ಗೆರೆ ಎಳೆದಿದ್ದ. ವಿಂಡೋಸನ್ನು ಎಲ್ಲರೂ ಕದ್ದೇ ಹಾಕುತ್ತಿದ್ದರು. ಬೇರೆಯವರ ಉತ್ತರವನ್ನು ನಕಲು ಮಾಡಿದ ಹುಡುಗರನ್ನು ಪರೀಕ್ಷೆಯಿಂದ ಎಬ್ಬಿಸಿ ಕಳಿಸಿದ ವಿನುತಾಗೆ ಅದು ಒಗ್ಗಲಿಲ್ಲ. ಒಂದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ, ವಿಂಡೋಸಿನ ಬದಲು ಹಾಕಬಹುದಾದ ಲಿನಕ್ಸ್ ಇತ್ತು. ಪುಕ್ಕಟೆ, ಯಾರಿಂದಲೂ ಕದ್ದದ್ದಲ್ಲ, ಅದರಲ್ಲಿ ಕನ್ನಡವನ್ನೂ ಟೈಪ್ ಮಾಡಬಹುದಿತ್ತು. ಅವಳು ಅದನ್ನೇ ಹಿಡಿದಳು.

ಆದರೆ ಲಿನಕ್ಸಿಗೆ ಯಂತ್ರವನ್ನು ಆರಿಸುವುದು ಸೀರೆ ಆರಿಸಿದಂತಲ್ಲ. ಅರುಣ ಹೇಳಿದ ಮಿತಿಯೊಳಗೆ ಗ್ರಾಫಿಕ್ಸ್ ಕಾರ್ಡನ್ನು ಬೇರೆಯಾಗಿ ಕೊಳ್ಳಲು ಸಾಧ್ಯವಿರಲಿಲ್ಲ. ಹಾಗಾಗಿ ಪರದೆಯ ಮೇಲೆ ಚಿತ್ರ ಮೂಡಿಸುವ ಚಿಪ್ ಮದರ್‌ಬೋರ್ಡಿನ ಮೇಲೆಯೇ ಇರುವಂಥದ್ದು ಬೇಕು. ಅಂಥ ಬೋರ್ಡುಗಳು ಅಗ್ಗ. ತೊಡಕು ಏನೆಂದರೆ, ಆ ಚಿಪ್ಪನ್ನು ಮಾಡಿದವರು ಅದನ್ನು ಮಾತಾಡಿಸುವ ಬಗೆಯನ್ನು ಹೊರಗೆ ಹೇಳಿದ್ದರೆ ಮಾತ್ರ ಲಿನಕ್ಸಿನವರು ಅದಕ್ಕೆ ಡ್ರೈವರ್ ಬರೆಯಬಲ್ಲರು. ಹೇಳದಿದ್ದರೆ ಯಂತ್ರ ಓಡುತ್ತದೆ, ಪರದೆ ಮಾತ್ರ ಕಪ್ಪಾಗಿರುತ್ತದೆ.

ಶನಿವಾರ ಮಧ್ಯಾಹ್ನಗಳಲ್ಲಿ ಅವಳು ಬಸ್ ಸ್ಟ್ಯಾಂಡಿನ ಸೈಬರ್ ಕೆಫೆಯಲ್ಲಿ ಕೂತು ಓದಿದಳು. ಮೊದಮೊದಲು ಒಂದು ವಾಕ್ಯ ಅರ್ಥವಾಗಲು ಹತ್ತು ಬೇರೆ ಪುಟಗಳನ್ನು ತೆರೆಯಬೇಕಾಗುತ್ತಿತ್ತು. ಇಂಟರ್‌ನೆಟ್ಟಿನಲ್ಲಿ ಒಂದು ಗುಂಪಿಗೆ ಪ್ರಶ್ನೆ ಬರೆದಳು. ಯಾರೋ ಒಬ್ಬರು ತಾಳ್ಮೆಯಿಂದ ಉತ್ತರಿಸಿದರು. ಬೋರ್ಡಿನ ಗ್ರಾಫಿಕ್ಸ್ ತನ್ನ ಪಾಲಿನ ಮೆಮೊರಿಯನ್ನು ಯಂತ್ರದಿಂದಲೇ ಕಿತ್ತುಕೊಳ್ಳುತ್ತದೆ, ಆದ್ದರಿಂದ ಮೆಮೊರಿ ಸ್ವಲ್ಪ ಹೆಚ್ಚೇ ಬೇಕು ಎಂದು ತಿಳಿಯಿತು. ಕಂಪ್ಯೂಟರ್ ತರುವ ಆಸೆಯಲ್ಲಿ ಮಾಸ್ತರು ಕೊಂಡಿಟ್ಟಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹಳೇ ಬಗೆಯ ಅಗಲ ಸಾಕೆಟ್ ಇರಬೇಕು ಎಂಬುದು ಅವಳಿಗೆ ತಾನಾಗಿ ಹೊಳೆಯಿತು. ಇವೆಲ್ಲ ಕೂಡಿ ಬಂದದ್ದು ಒಂದೇ ಬೋರ್ಡಿನಲ್ಲಿ. ಅದು ಎರಡು ವರ್ಷ ಹಳೆಯ ಮಾದರಿ. ಹಳೆಯದಾದ್ದರಿಂದಲೇ ಅದರ ಚಿಪ್ ಲಿನಕ್ಸಿಗೆ ಚೆನ್ನಾಗಿ ಪರಿಚಯವಿತ್ತು.

ಕುಮಟಾದಲ್ಲಿ ಕಂಪ್ಯೂಟರ್ ಮಾರುತ್ತಿದ್ದ ನರೇಶನಿಗೆ ಫೋನ್ ಮಾಡಿದಳು. ಅವನೂ ಒಂದು ಕಾಲದಲ್ಲಿ ಅವಳ ಹತ್ತಿರ ಟೈಪಿಂಗಿಗೆ ಬಂದು, ಕರವಸ್ತ್ರದ ಕಾಟ ತಾಳದೆ ಬಿಟ್ಟು ಹೋದವನು. ಅವಳು ಮಾಡೆಲ್ ನಂಬರನ್ನು ಎರಡು ಸಲ ಹೇಳಿದಳು.

"ಅದೇ ಬೇಕು ನರೇಶ. ಬೇರೆ ಆಗೂದಿಲ್ಲ. ಲಿನಕ್ಸ್ ಹಾಕೂದು ಅದಕ್ಕೆ. ಅದೇ ಕಳಿಸ್ತೆ ಅಲ್ದಾ?"

"ಆತು ಅಕ್ಕೋರೆ, ಆತು ಆತು."

ಅವಳು ನೆಮ್ಮದಿಯಿಂದ ಫೋನ್ ಇಟ್ಟಳು.

ಕ್ಯಾಬಿನೆಟ್, ಮಾನಿಟರ್ ಮೊದಲೇ ಬಂದಿದ್ದವು. ಬೋರ್ಡ್ ಬಂದದ್ದು ನವಮಿಯ ಬೆಳಿಗ್ಗೆ, ಆಯುಧಪೂಜೆಯ ದಿನ. ಹಬ್ಬದ ಗದ್ದಲದಲ್ಲಿ ಎರಡು ಬಸ್ಸು ನಿಲ್ಲದೆ ಹೋಗಿ, ವಿನುತಾ ತಡವಾಗಿ ಬಂದಳು. ಬಾಗಿಲಲ್ಲೇ ಊದುಬತ್ತಿಯ ವಾಸನೆ. ಮಾಸ್ತರ ಹೆಂಡತಿ ಗಂಗಮ್ಮ ಟೈಪ್‌ರೈಟರುಗಳಿಗೆಲ್ಲ ಹೂವಿಟ್ಟು, ಮುಂದೆ ಬಾಳೆಲೆ ಹಾಸಿ, ಅದರ ಮೇಲೆ ಬೋರ್ಡನ್ನು ಮಲಗಿಸಿದ್ದರು. ಪೆಟ್ಟಿಗೆಯ ಸೀಲು ಹರಿದು ಮೂಲೆಯಲ್ಲಿ ಬಿದ್ದಿತ್ತು. ಬೆಳ್ಳಿಯ ಬಣ್ಣದ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ನೀರಲ್ಲಿ ಕಲಸಿದ ಕುಂಕುಮ, ಚಿಪ್ಪುಗಳ ಮೇಲೆ ಅರಿಶಿನ, ಮೆಮೊರಿ ಕೂರಿಸುವ ಸೀಳಿನಲ್ಲಿ ಒಂದು ಸೇವಂತಿಗೆ.

"ಹೊಸ ಯಂತ್ರ ಅಲ್ದಾ ವಿನುತಾ, ಪೆಟ್ಟಿಗೆಯಲ್ಲೇ ಇಟ್ರೆ ದೇವರಿಗೆ ಕಾಣೂದು ಹ್ಯಾಂಗೆ?" ಎಂದರು ಗಂಗಮ್ಮ.

ಬೋರ್ಡು ಅವಳು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಸೀಳುಗಳ ನಡುವೆ ಅಚ್ಚಾದ ಮಾಡೆಲ್ ನಂಬರಿನ ಮೇಲೂ ಕುಂಕುಮ ಕೂತಿತ್ತು. ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿ ಓದಿದಳು. ಮತ್ತೊಮ್ಮೆ ಓದಿದಳು. ಅದು ಬೇರೆ ನಂಬರು, ಬೇರೆ ಚಿಪ್ಪು. ಸೈಬರಿನಲ್ಲಿ ಓದಿದ ಪುಟಗಳಲ್ಲಿ ಜನ ಶಪಿಸುತ್ತಿದ್ದದ್ದು ಇದನ್ನೇ.

ಮಧ್ಯಾಹ್ನ ಜೋಡಿಸಲು ಬಂದ ನರೇಶ, ಚಪ್ಪಲಿ ಕಳಚುವ ಮೊದಲೇ ನಗುತ್ತ ಹೇಳಿದ. "ನೋಡಿ ಅಕ್ಕೋರೆ, ಹೊಸ ಮಾಡೆಲ್. ಅದೇ ರೇಟಿಗೆ."

"ನಾನು ಹೇಳಿದ್ದು ಇದಲ್ಲ."

"ನೀವು ಹೇಳಿದ್ದು ಈಗ ಬರೂದೇ ಇಲ್ಲ. ಇದು ಅದರ ಅಪ್ಪ."

"ನೀನು ಆತು ಅಂದಿದ್ದೆ."

"ನಮ್ಮ ಬದಿಗೆ ಆತು ಅಂದ್ರೆ, ಮಾತು ಆತು, ಫೋನ್ ಇಡ್ತೆ ಅಂತ! ಎಂತ ಅಕ್ಕೋರೆ, ನೀವೇನು ಘಟ್ಟದ ಮೇಲಿನವರಾ?"

ಪೂಜೆಗೆ ಬಂದಿದ್ದ ಅರುಣ ಜೋರಾಗಿ ನಕ್ಕ. ವಿನುತಾ ನಗದೆ, ಇದನ್ನು ವಾಪಸ್ ಕಳಿಸು, ಎಂಥದಾದರೂ ಹಳೆಯದು ಕೊಡು ಎಂದಳು. ನರೇಶ ಬೋರ್ಡನ್ನು ಎತ್ತಿ, ಕೆಂಪಾದ ಬೆರಳನ್ನು ಎಲ್ಲರಿಗೂ ತೋರಿಸಿದ.

"ಕುಂಕುಮ ಬಿದ್ದ ಮಾಲು ಕಂಪನಿಯವರು ಮುಟ್ಟೂದಿಲ್ಲ. ಅರಿಶಿನ ಕುಂಕುಮ ಕೊಟ್ಟು ಮನೆ ತುಂಬಿಸ್ಕಂಡದ್ದು ನೀವು. ಇನ್ನು ತವರಿಗೆ ಕಳಿಸೂದಾ? ಅಕ್ಕೋರಿಗೆ ಅದೆಲ್ಲ ಹ್ಯಾಂಗೆ ಗೊತ್ತಾಗ್ಬೇಕು ಬಿಡಿ."

ವಿನುತಾಗೆ ಮದುವೆಯಾಗಿರಲಿಲ್ಲ. ಗಂಗಮ್ಮ "ಸಾಕು ಮಾರಾಯ" ಎಂದರು. ಎಂದರೂ ನಗು ತಡೆಯಲು ಬಾಯಿಗೆ ಸೆರಗು ಹಿಡಿದಿದ್ದರು. ವಿನುತಾ ಬೇರೆ ಗ್ರಾಫಿಕ್ಸ್ ಕಾರ್ಡಿನ ಮಾತೆತ್ತಿದಳು. ಅರುಣ ಕೈ ಬೀಸಿ ಬೇಡವೆಂದ. ನಾಳೆ ದಶಮಿ, ಉದ್ಘಾಟನೆಗೆ ಜನರನ್ನು ಕರೆದಾಗಿದೆ, ಇದರಲ್ಲೇ ಮಾಡಿ.

ನರೇಶ ಅರಿಶಿನ ಕುಂಕುಮ ಒರೆಸಿ, ಬೋರ್ಡನ್ನು ಜೋಡಿಸಿ ಹೋದ. ಅವಳು ಲಿನಕ್ಸ್ ಹಾಕಿದಳು. ಅಕ್ಷರಗಳ ಸಾಲು ಸರಸರನೆ ಓಡಿ, ಚಿತ್ರ ಬರಬೇಕಾದ ಜಾಗದಲ್ಲಿ ಪರದೆ ಕಪ್ಪಾಯಿತು. ತಿಳಿದೇ ಇದ್ದದ್ದು. ಸೈಬರಿಗೆ ಓಡಿ ಹೋಗಿ ಓದಿ ಬಂದಳು. ಇಂಥವೂ ಸೇರಿ ಎಲ್ಲ ಚಿಪ್ಪುಗಳಿಗೂ ಹೇಗೋ ಹೊಂದುವ ಒಂದು ಸಾಮಾನ್ಯ ಡ್ರೈವರ್ ಇತ್ತು. ಕಪ್ಪು ಪರದೆಯ ಮೇಲೆ ಅಕ್ಷರಗಳಲ್ಲೇ ಆಜ್ಞೆ ಕೊಟ್ಟು, ಒಂದು ಕಡತದಲ್ಲಿ ಒಂದೇ ಪದ ಬದಲಿಸಬೇಕಿತ್ತು. ಆ ಕಡತವನ್ನು ಹುಡುಕಲು ಹೊತ್ತು ಹೋಯಿತು. ಬದಲಿಸಿದ ಮೇಲೆ ಚಿತ್ರ ಬಂತು. ದೊಡ್ಡದಾಗಿ, ಅಂಚು ಮಸುಕಾಗಿ, ಹಳೆ ಕನ್ನಡಕದಲ್ಲಿ ನೋಡಿದ ಹಾಗೆ. ಆದರೂ ಬಂತು. ಅಕ್ಷರ ಟೈಪಾಯಿತು, ಪ್ರಿಂಟರು ಕಿರ್ರೆಂದು ಮುದ್ರಿಸಿತು. ಟೈಪಿಂಗ್ ಕಲಿಸಲು ಇದಕ್ಕಿಂತ ಹೆಚ್ಚು ಬೇಡ ಎಂದು ಅವಳು ಲೆಕ್ಕ ಹಾಕಿದಳು. ಮೊದಲ ಪಾಠವನ್ನು ಅದರಲ್ಲೇ ಬರೆದು ಉಳಿಸಿ, ಯಂತ್ರಕ್ಕೆ ಹೊಸ ಮುಸುಕು ಹಾಕಿ ಕೊನೆಯ ಬಸ್ ಹಿಡಿದಳು. ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾಳೆ ನೋಡಲು ಬರುವವರು ಕಲಿಯಲು ಬರುವವರಲ್ಲ ಎಂಬುದೊಂದು ಅವಳಿಗೆ ಹೊಳೆಯಲಿಲ್ಲ.

ದಶಮಿಯ ಬೆಳಿಗ್ಗೆ ಅರುಣ ಮುಸುಕು ಸರಿಸಿ ನೋಡಿದ.

"ಇದೆಂತ ಅಕ್ಕೋರೆ? ನನ್ನ ಪೇಂಟ್ ಅಂಗಡಿ ಬೋರ್ಡಿನ ಹಾಂಗೆ ಅದೆ."

"ಕೆಲಸ ಎಲ್ಲ ಆಗ್ತದೆ. ಪಾಠ ಮಾಡಿ ಇಟ್ಟಿದ್ದೆ, ಒಂದು ಸಲ ನೋಡಿ."

"ಮುದುಕರ ಕ್ಲಾಸಾದ್ರೆ ಆಗ್ತದೆ," ಎಂದ ನರೇಶ, ಬೆನ್ನ ಹಿಂದಿನಿಂದ ಇಣುಕಿ. "ಅರುಣಣ್ಣ, ಜನ ಬರೂಕೆ ಹೊತ್ತದೆ. ಒಂದು ತಾಸು ಕೊಡು." ಅವನ ಕಿಸೆಯಲ್ಲಿ ಪೆನ್ನಿನಲ್ಲಿ ವಿಂಡೋಸ್ ಎಂದು ಗೀಚಿದ ಒಂದು ಸಿ.ಡಿ. ಇತ್ತು.

"ಅದು ಕದ್ದದ್ದು," ಎಂದಳು ವಿನುತಾ.

"ಕದ್ದವ ಬೇರೆ ಅಕ್ಕೋರೆ. ನಾನು ಕಾಪಿ ಮಾಡಿದ್ದು ಅಷ್ಟೆ."

ಅರುಣ ಅವಳ ಕಡೆ ತಿರುಗದೆ ಹೇಳಿದ. "ನೀವು ಒಳಗೆ ಹೋಗಿ ಅವಲಕ್ಕಿ ಕಲಸೂದು ನೋಡ್ಕಳಿ. ಅಮ್ಮಂಗೆ ಒಬ್ಬಳಿಗೇ ಆಗೂದಿಲ್ಲ."

ಅವಳು ಅಲ್ಲೇ ನಿಂತಿರಬಹುದಿತ್ತು. ಆದರೆ ಆ ಮನೆಯವರು ಹೇಳಿದ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಒಳಗೆ ಹೋಗಿ ಕಾಯಿ ತುರಿದಳು. ಗೋಡೆಯ ಆಚೆ ಯಂತ್ರ ನಿಂತು ಮತ್ತೆ ಶುರುವಾದ ಸದ್ದು ಕೇಳಿತು. ತಾನು ಬರೆದ ಪಾಠ ಈಗ ಹೋಯಿತು ಎಂದು ಆ ಸದ್ದಿನಲ್ಲೇ ತಿಳಿಯಿತು. ತುರಿಯುವ ಕೈ ನಿಲ್ಲಲಿಲ್ಲ.

ತಟ್ಟೆ ಹಿಡಿದು ಹೊರಗೆ ಬಂದಾಗ ಪರದೆ ತುಂಬ ಹಸಿರು ಗುಡ್ಡ, ಮೇಲೆ ನೀಲಿ ಆಕಾಶ. ಬೋರ್ಡಿನ ಜೊತೆ ಬಂದ ಡ್ರೈವರ್ ಸಿ.ಡಿ. ವಿಂಡೋಸಿನದು, ಹಾಕಿದ ಕೂಡಲೇ ಚಿತ್ರ ಗೆರೆ ಕೊರೆದಷ್ಟು ಚೊಕ್ಕವಾಗಿತ್ತು. ಬೋರ್ಡಿನಲ್ಲಿ ಏನೂ ದೋಷವಿರಲಿಲ್ಲ. ಬಂದವರೆಲ್ಲ ಆಹಾ ಎಂದರು. ನರೇಶನ ಬೆನ್ನು ತಟ್ಟಿ, ವಾರಕ್ಕೆ ಮೂರು ದಿನ ಕುಮಟಾದಿಂದ ಬಂದು ಕಲಿಸುವವನು ಇವನೇ ಎಂದು ಅರುಣ ಅಲ್ಲೇ ಸಾರಿದ. ಅದನ್ನು ಅವರಿಬ್ಬರು ಯಾವಾಗ ಮಾತಾಡಿಕೊಂಡರೋ.

ಪತ್ರಿಕೆಗೆ ಫೋಟೋ ಬೇಕಿತ್ತು. ಕಲಿಯುವವರು ಯಾರೂ ಬಂದಿರಲಿಲ್ಲ.

"ಅಕ್ಕೋರೆ, ನೀವೇ ಕೂತ್ಕಳಿ. ಮೊದಲ ವಿದ್ಯಾರ್ಥಿ!" ಎಂದ ಅರುಣ.

ಎಲ್ಲರೂ ನಗುತ್ತಿದ್ದರು, ಯಾರ ನಗುವಿನಲ್ಲೂ ಕೆಟ್ಟದ್ದಿರಲಿಲ್ಲ. ಅವಳು ಕೂತಳು. ನರೇಶ ಪಕ್ಕದಲ್ಲಿ ಬಾಗಿ, ಅವಳ ಕೈಯನ್ನು ಮೌಸಿನ ಮೇಲಿಟ್ಟು "ಹೆದರಬೇಡಿ ಅಕ್ಕೋರೆ, ಕಚ್ಚೂದಿಲ್ಲ" ಎಂದ. ಕ್ಯಾಮೆರಾದವನು, ಏನಾದರೂ ಬರೆಯಿರಿ, ಚೆನ್ನಾಗಿ ಬರುತ್ತದೆ ಎಂದ. ಅವಳ ಬೆರಳುಗಳು ತಮ್ಮ ಜಾಗ ತಾವೇ ಹುಡುಕಿಕೊಂಡು, ಅವಳು ಪರದೆಯನ್ನೂ ನೋಡದೆ ಎದುರಿನ ಗೋಡೆ ನೋಡುತ್ತಿದ್ದಂತೆ ಓಡತೊಡಗಿದವು.

"ನಿಧಾನ, ನಿಧಾನ!" ನರೇಶ ಅವಳ ಮಣಿಕಟ್ಟು ಹಿಡಿದ. "ಇದು ಟೈಪ್‌ರೈಟರ್ ಅಲ್ಲ. ಒಡೆದೇ ಹಾಕ್ತ್ರಿ."

ನಗುವಿನ ನಡುವೆ ಫೋಟೋ ತೆಗೆದಾಯಿತು.

ಅವಳನ್ನು ತೆಗೆದುಹಾಕಲಿಲ್ಲ. ಹಾಗೆ ಮಾಡುವುದು ಗಂಗಮ್ಮನಿಗೆ ಸರಿ ಕಾಣಲಿಲ್ಲ. ಟೈಪ್‌ರೈಟರುಗಳು ಗುಜರಿಗೆ ಹೋದ ಮೇಲೆ ಅವಳಿಗೆ ಬಾಗಿಲ ಹೊರಗೆ ಒಂದು ಸ್ಟೂಲ್ ಹಾಕಿಸಿದರು. ಯಂತ್ರಕ್ಕೆ ಧೂಳು ಆಗದು. ಬಂದವರು ಚಪ್ಪಲಿ ಹೊರಗೆ ಬಿಟ್ಟು, ಕಾಲು ಒರೆಸಿಕೊಂಡು ಹೋಗುವ ಹಾಗೆ ನೋಡಿಕೊಳ್ಳುವುದು ಅವಳ ಕೆಲಸ. ಕ್ಲಾಸು ಚೆನ್ನಾಗಿ ನಡೆಯಿತು, ಕಂಪ್ಯೂಟರುಗಳು ಹೆಚ್ಚಾದವು. ಒಳಗೆ ಹುಡುಗರು ಎರಡೇ ತೋರುಬೆರಳಿನಿಂದ ಕೀಲಿ ಹುಡುಕಿ ಹುಡುಕಿ ಕುಟ್ಟುವ ಸದ್ದು ಹೊರಗೆ ಕೇಳುತ್ತಿತ್ತು.

ಒಂದು ದಿನ ತಾಲೂಕು ಕಚೇರಿಯ ಕವಿತಾ ತನ್ನ ನಾದಿನಿಯನ್ನು ಕ್ಲಾಸಿಗೆ ಸೇರಿಸಲು ಬಂದಳು. ಕರವಸ್ತ್ರದ ಅಡಿಯಲ್ಲೇ ಕಲಿತು ನೌಕರಿ ಹಿಡಿದವಳು ಅವಳು. ಮೆಟ್ಟಿಲ ಹತ್ತಿರ ನಿಂತುಬಿಟ್ಟಳು.

"ಅಕ್ಕೋರೆ! ನೀವೆಂತ ಹೊರಗೆ ಕೂತದ್ದು? ಈಗ ಕ್ಲಾಸ್ ಇಲ್ವಾ?"

"ಅದೆ, ನಡೀತಾ ಅದೆ," ಎಂದಳು ವಿನುತಾ. "ಒಳಗೆ ಫ್ಯಾನಿನ ಗಾಳಿ ನನಗೆ ಆಗೂದಿಲ್ಲ. ನೀನು ಚಪ್ಪಲಿ ಇಲ್ಲೇ ಬಿಡು."