ದಮ್ಮು ಏರಿಸಿದ ಗಾಡಿ

ಹುಣಸೂರಿನಲ್ಲಿ ಅಪ್ಪನದು ಒಂದು ಸಣ್ಣ ಗ್ಯಾರೇಜು. ನಮ್ಮ ಕಡೆ ಮೇಸ್ತ್ರಿಗಳು ಎಂಜಿನ್ನಿನ ಕಂಪ್ರೆಷನ್ನಿಗೆ ದಮ್ಮು ಎನ್ನುತ್ತಾರೆ. ಉಬ್ಬಸದ ಕಾಯಿಲೆಗೂ ಅದೇ ಹೆಸರು, ಅಪ್ಪನಿಗೆ ಅದೂ ಇತ್ತು. ಊರ ಗಾಡಿಗಳಿಗೆಲ್ಲ ದಮ್ಮು ಏರಿಸೋರಿಗೆ ತಮ್ಮ ದಮ್ಮು ಇಳಿಸಿಕೊಳ್ಳೋಕೆ ಬರೋದಿಲ್ಲ ಎಂದು ಅವ್ವ ಕಿಚಾಯಿಸುತ್ತಿದ್ದಳು. ಗಾಡಿಗಳಿಗೆ ಪೇಂಟ್ ಹೊಡೆಯುವುದನ್ನು ಬಿಡದಿದ್ದರೆ ಔಷಧಿಯೆಲ್ಲ ದಂಡ ಎಂದು ಮೈಸೂರಿನ ಡಾಕ್ಟರು ಹೇಳಿದ ಮೇಲೆ ಕಿಚಾಯಿಸುವುದನ್ನು ನಿಲ್ಲಿಸಿದಳು. ಆದರೆ ಮನೆ ನಡೆಯುತ್ತಿದ್ದದ್ದೇ ಪೇಂಟಿನ ಕೆಲಸದಿಂದ.

ಆ ಹೊತ್ತಿಗೆ ಎನ್. ಬೇಗೂರಿನ ಕಡೆಯ ತೋಟದ ಸಾಹುಕಾರರೊಬ್ಬರು ಒಂದು ವಿಚಿತ್ರ ಗಾಡಿ ತಂದು ಇಳಿಸಿದರು. ಬೈಕಿನ ಹ್ಯಾಂಡಲ್ಲು, ಬೈಕಿನ ಸೀಟು, ಆದರೆ ದಪ್ಪ ಟೈರಿನ ನಾಲ್ಕು ಚಕ್ರ. ಹಿಂದೆ ಟ್ರಾಲಿ ಕಟ್ಟಿ ಗೊಬ್ಬರದ ಮೂಟೆ ಹೇರಿದರೆ ತೋಟದ ದಿಬ್ಬ ಹತ್ತುತ್ತಿರಲಿಲ್ಲವಂತೆ. ಹತ್ತಿಸಿಕೊಟ್ಟರೆ ತೋಟದ ಗಾಡಿ, ಪಂಪ್‌ಸೆಟ್ಟುಗಳನ್ನು ನೋಡಿಕೊಳ್ಳುವ ಕೆಲಸವನ್ನೂ ಇರಲು ಮನೆಯನ್ನೂ ಕೊಡುತ್ತೇನೆ ಎಂದರು. ಪೇಂಟಿನ ವಾಸನೆಯಿಲ್ಲದ ಕೆಲಸ. ಅಪ್ಪ ಎರಡನೇ ಮಾತಾಡದೆ ಒಪ್ಪಿಕೊಂಡ.

ಎಂಜಿನ್ನಿನ ಮೇಲೆ ಮುಚ್ಚಳದಂತಿರುವ ಹೆಡ್ಡು ಬಿಚ್ಚಿ, ಲೇತಿನಲ್ಲಿ ಅದರ ಅಡಿಯನ್ನು ಕೂದಲೆಳೆಯಷ್ಟು ತೆಗೆಸಿ, ನಡುವೆ ತೆಳ್ಳನೆಯ ಗ್ಯಾಸ್ಕೆಟ್ ಹಾಳೆ ಕೂರಿಸಿದ. ಪಿಸ್ಟನ್ನಿನ ಮೇಲಿನ ಜಾಗ ಕಿರಿದಾದಷ್ಟೂ ಪೆಟ್ರೋಲು ಬೆರೆತ ಗಾಳಿ ಬಿಗಿಯಾಗಿ ಅದುಮಿಕೊಂಡು ಜೋರಾಗಿ ಉರಿಯುತ್ತದೆ. ಹೀಗೆ ದಮ್ಮು ಏರಿಸಿದ ಎಂಜಿನ್ನಿಗೆ ಸೀಮೆಎಣ್ಣೆ ಬೆರೆಸಿದ ಪೆಟ್ರೋಲು ವಿಷ. ಹೊತ್ತಿಗೆ ಮುಂಚೆ ಹೊತ್ತಿಕೊಂಡು ಪಿಸ್ಟನ್ನನ್ನೇ ಕರಗಿಸಿಬಿಡುತ್ತದೆ. ಬಂಕಿನ ಪೆಟ್ರೋಲು ಬಿಟ್ಟು ಬೇರೆ ಹಾಕಬಾರದೆಂದು ಅಪ್ಪ ಸಾಹುಕಾರರಿಗೆ ಹೇಳಿಯೂ ಇದ್ದ.

ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಹೋದ ದಿನ ಅಪ್ಪನ ಉಬ್ಬಸ ಹೆಚ್ಚಿತ್ತು. ಮಗಳಿಗೆ ಹೇಗೂ ಕಾಲೇಜಿಗೆ ರಜೆ ಎಂದು ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ಮೂಟೆ ಹೇರಿದ ಗಾಡಿ ದಿಬ್ಬವನ್ನು ಒಂದೇ ಉಸಿರಿಗೆ ಹತ್ತಿತು. ಸಾಹುಕಾರರು ಆಗಲೇ ಮನೆಯ ಬೀಗ ತೆಗೆಸಿ, ಸೋಮವಾರವೇ ಸಾಮಾನು ತಂದುಬಿಡಿ ಮೇಸ್ತ್ರಿ ಎಂದರು. ಒಂದು ಕೋಣೆ, ಒಂದು ಅಡುಗೆಮನೆ, ಹೊಸ ಸುಣ್ಣ. ಅಪ್ಪ ಕಿಟಕಿ ತೆರೆದು ಸುಮ್ಮನೆ ನಿಂತ. ಅವನು ಅಷ್ಟು ನಿರಾಳವಾಗಿ ನಿಂತದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಮಧ್ಯಾಹ್ನ ಸಾಹುಕಾರರ ನೆಂಟರು ಬಂದರು. ಅವರಿಗೆ ತೋರಿಸಲು ಗಾಡಿ ಇನ್ನೊಂದು ಸಲ ದಿಬ್ಬ ಹತ್ತಬೇಕಾಯಿತು. ಪೆಟ್ರೋಲು ಮುಗಿದಿತ್ತು, ಬಂಕು ದೂರ. ಸಾಹುಕಾರರು ಊರೊಳಗಿನ ಅಂಗಡಿಯಿಂದ ಬಾಟಲಿ ಪೆಟ್ರೋಲು ತರಿಸಿದರು. ಅಪ್ಪ ಬಿರಡೆ ತೆಗೆದು ಮೂಸಿದ. ಪಕ್ಕದಲ್ಲಿದ್ದ ನನಗೂ ಸೀಮೆಎಣ್ಣೆಯ ವಾಸನೆ ಬಡಿಯಿತು. ಬೇಡ ಅನ್ನು ಅಪ್ಪ ಎಂದು ಪಿಸುಗುಟ್ಟಿದೆ.

"ಸುಮ್ಕಿರವ್ವ. ಒಂದ್ಸಲಿಗೆ ಏನೂ ಆಗಕಿಲ್ಲ."

ಅಪ್ಪ ಅದನ್ನೇ ಟ್ಯಾಂಕಿಗೆ ಸುರಿದು ಗಾಡಿ ಹೊರಡಿಸಿದ. ಅರ್ಧ ದಿಬ್ಬದಲ್ಲಿ ಎಂಜಿನ್ನು ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದ ಹಾಗೆ ಸದ್ದು ಮಾಡಿತು, ಹೊಗೆಯಾಡಿ ನಿಂತುಹೋಯಿತು. ನೆಂಟರಲ್ಲೊಬ್ಬರು ನಕ್ಕರು. ಸಾಹುಕಾರರು ಬೈಯಲಿಲ್ಲ. ಇನ್ನು ಮೈಸೂರಿನ ಮೇಸ್ತ್ರಿಗಳಿಗೇ ತೋರಿಸುತ್ತೇನೆ, ನೀವು ಹೊರಡಿ ಎಂದರು. ಆ ಬಾಟಲಿಯ ಮಾತನ್ನು ಅವರೂ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ.

ಬಸ್ಸಿನಲ್ಲಿ ನಾನು ಜಗಳಕ್ಕೇ ಬಿದ್ದೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ.

"ಅವ್ರೇ ತರ್ಸಿದ್ದು ಕಣವ್ವ. ನೆಂಟ್ರ ಮುಂದೆ ಕಲಬೆರಕೆ ಅಂದ್ಬುಟ್ರೆ ಅವ್ರ ಮರ್ವಾದೆ ಏನಾಯ್ತದೆ?"

ಅವರ ಮರ್ಯಾದೆ ಕಾಯಲು ಇವನೇ ಆಗಬೇಕಿತ್ತು. ಅವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಸಾಹುಕಾರರ ಮೇಲೆ ಎಷ್ಟೋ, ಅಪ್ಪನ ಮೇಲೂ ಅಷ್ಟೇ.

ನಾವು ಮನೆ ತಲುಪಿದಾಗ ಅವ್ವ, ಕೆಲಸ ಸಿಕ್ಕೇ ಸಿಗುತ್ತದೆಂದು ನಂಬಿ, ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ಅಪ್ಪನಿಗೆ ನೀರು ಕೊಟ್ಟು, ಅಲ್ಲಿನ ಮನೆ ಹೇಗಿದೆ ಎಂದು ಕೇಳಿದಳು. ಅವನು ಸ್ವಲ್ಪ ಹೊತ್ತು ಏದುಸಿರು ಬಿಟ್ಟು ಸುಧಾರಿಸಿಕೊಂಡ.

"ಚೆಂದಾಗದೆ. ಗಾಳಿ ಚೆನ್ನಾಗಿ ಬತ್ತದೆ."

ಅವ್ವ ಇನ್ನೊಂದು ಪಾತ್ರೆಯನ್ನು ಚೀಲಕ್ಕೆ ಹಾಕಿದಳು. ಮಾರನೆಯ ಬೆಳಿಗ್ಗೆ ಅವನು ಮೂಗಿಗೆ ಟವೆಲು ಕಟ್ಟಿಕೊಂಡು ಪೇಂಟ್ ಹೊಡೆಯಲು ಹೊರಟಾಗಲೇ ಕೆಲಸ ಕೈತಪ್ಪಿದ್ದು ಅವಳಿಗೆ ತಿಳಿದದ್ದು.