ಜೈನಾಪುರಕ್ಕೆ ಒಯ್ದ ಬನ್ನಿ

ದಸರೆಯ ಸಂಜೆ ನಗರದ ಇಬ್ರಾಹಿಂಪುರ ಬಡಾವಣೆಯ ನಮ್ಮ ಮನೆಗೆ ಎಲ್ಲರಿಗಿಂತ ಮೊದಲು ಬನ್ನಿ ತರುತ್ತಿದ್ದವರು ಬಂಧುಗಳಲ್ಲ, ನನಗೆ ಪಿಂಚಣಿ ಪಾಲಿಸಿ ಮಾಡಿಸಿದ ಚಿತ್ರಕಲಾ ಮಾಸ್ತರರು. ಜೈನಾಪುರದಿಂದ ಬಬಲೇಶ್ವರ, ಬಬಲೇಶ್ವರದಿಂದ ನಗರ ಎಂದು ಎರಡು ಬಸ್ಸು ಹಿಡಿದು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬರುತ್ತಿದ್ದರು. ಎಲೆಗಳನ್ನು ನನ್ನ ಅಂಗೈಯಲ್ಲಿಟ್ಟು, “ಬನ್ನಿ ತಗೊಂಡು ಬಂಗಾರದಂಗ ಇರೂಣು, ತಂಗಿ” ಎನ್ನುತ್ತಿದ್ದರು. ಒಂದು ತಾಟು ಚೂಡಾ, ಎರಡು ಕಪ್ಪು ಚಹಾ, ನನ್ನ ಮಗಳ ಪಾಟಿಯ ಮೇಲೆ ಒಂದು ನವಿಲು. ಇಷ್ಟು ಮುಗಿಸಿ ಕತ್ತಲಾಗುವ ಮೊದಲೇ ಹೊರಡುತ್ತಿದ್ದರು.

ನಮ್ಮಿಬ್ಬರ ಪರಿಚಯ ತಿಕೋಟಾದ ಒಂದು ಖಾಸಗಿ ಶಾಲೆಯದು. ನಾನು ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಆ ಶಾಲೆಯ ಆಡಳಿತ ಮಂಡಳಿ ಒಂದು ಸಂಬಳಕ್ಕೆ ಸಹಿ ಹಾಕಿಸಿಕೊಂಡು ಇನ್ನೊಂದು ಸಂಬಳ ಕೊಡುತ್ತಿತ್ತು. ಭವಿಷ್ಯ ನಿಧಿ ಇರಲಿಲ್ಲ. ಹೆರಿಗೆ ರಜೆ ಕೇಳಿದವರ ಮುಂದೆ ರಾಜೀನಾಮೆಯ ಕಾಗದ ಇಡಲಾಗುತ್ತಿತ್ತು. ಪ್ರಶ್ನೆ ಕೇಳುವುದನ್ನೇ ಮೊದಲ ಪಾಠವಾಗಿ ಕಲಿಸಿದ ಶಾಲೆಯಲ್ಲಿ ಓದಿ ಬಂದ ನಾನು ಇದನ್ನೆಲ್ಲ ಅನ್ಯಾಯವೆಂದು ಆಗಲೇ ಕರೆದೆ, ಈಗಲೂ ಕರೆಯುತ್ತೇನೆ. ಮಾಸ್ತರರು ಕರೆಯಲಿಲ್ಲ. ಸಂಬಳ ಸಾಲದೆ ಒಂದು ಖಾಸಗಿ ವಿಮಾ ಕಂಪನಿಯ ಏಜೆಂಟರಾದರು, ಅಷ್ಟೇ.

ಮಧ್ಯಾಹ್ನದ ಬಿಡುವಿನಲ್ಲಿ, ಬಣ್ಣದ ಕಲೆಗಳಿದ್ದ ತಮ್ಮ ಮೇಜಿನ ಮೇಲೆ ನನ್ನ ಅರ್ಜಿಯನ್ನು ಅವರೇ ತುಂಬಿದರು. ಅವರ ಅಕ್ಷರ ಎಷ್ಟು ದುಂಡಗಿತ್ತೆಂದರೆ, ಆ ಕಾಗದದಲ್ಲಿ ನನ್ನ ಹೆಸರು ನನಗೇ ಹೊಸದಾಗಿ ಕಂಡಿತು. “ಮುದುಕಿ ಆದಾಗ ಯಾರ ಮುಂದನೂ ಕೈ ಒಡ್ಡಬಾರದು ತಂಗಿ. ಇಷ್ಟ ತಲ್ಯಾಗ ಇಟ್ಕೊ” ಎಂದಿದ್ದರು. ಅಲ್ಲಿ ನನ್ನ ಮುಪ್ಪಿನ ಬಗ್ಗೆ ಯೋಚಿಸಿದ ಮನುಷ್ಯ ಅವರೊಬ್ಬರೇ.

ಮುಂದೆ ನನಗೆ ಬಬಲೇಶ್ವರದ ಸರ್ಕಾರಿ ಪ್ರೌಢಶಾಲೆಯಲ್ಲಿ ನೌಕರಿ ಸಿಕ್ಕಿತು. ಅದರೊಂದಿಗೆ ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಖಾತೆಯೂ ಬಂತು. ದುಡಿದವರಿಗೆ ನಿಶ್ಚಿತ ಪಿಂಚಣಿ ಕೊಡುವ ಹೊಣೆಯಿಂದ ಸರ್ಕಾರ ಜಾರಿಕೊಂಡದ್ದು ತಪ್ಪೆಂದು ಕಪ್ಪು ಪಟ್ಟಿ ಕಟ್ಟಿ ನಿಂತವರಲ್ಲಿ ನಾನೂ ಇದ್ದೆ. ಆದರೆ ಒಂದು ದಿನ ಆ ಖಾತೆಯ ನಿರ್ವಹಣಾ ವೆಚ್ಚವನ್ನೂ ನನ್ನ ಹಳೆಯ ಪಾಲಿಸಿಯ ಕಡಿತಗಳನ್ನೂ ಅಕ್ಕಪಕ್ಕ ಇಟ್ಟು ಓದಿದೆ. ಸರ್ಕಾರದ ಖಾತೆ ತೆಗೆದುಕೊಳ್ಳುತ್ತಿದ್ದುದು ತೀರಾ ಅಲ್ಪ. ಕಂಪನಿ ಮಾತ್ರ ವರ್ಷ ವರ್ಷವೂ, ಸಣ್ಣ ಅಕ್ಷರಗಳಲ್ಲಿ ಬರೆದ ಹತ್ತು ಹೆಸರುಗಳಲ್ಲಿ, ನನ್ನ ಮುಪ್ಪನ್ನು ತುಸು ತುಸುವೇ ಕೊರೆಯುತ್ತಿತ್ತು. ಪಾಲಿಸಿ ಮುಚ್ಚಿ, ಬಂದ ಹಣವನ್ನು ಎನ್‌ಪಿಎಸ್ ಖಾತೆಗೇ ಸ್ವಂತ ವಂತಿಗೆಯಾಗಿ ಕಟ್ಟಲು ನಿರ್ಧರಿಸಿದೆ. ಆ ನಿರ್ಧಾರ ಸರಿಯಾಗಿತ್ತು. ಅದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ.

ತಪ್ಪು ನಡೆದದ್ದು ಅದರ ನಂತರ. ತಿಳಿದದ್ದನ್ನು ನನ್ನೊಬ್ಬಳಲ್ಲೇ ಇಟ್ಟುಕೊಳ್ಳುವುದು ನನಗೆ ಸಾಧ್ಯವಿರಲಿಲ್ಲ. ಶಿಕ್ಷಕರ ಸಂಘದ ಒಂದು ಭಾನುವಾರದ ಸಭೆಯಲ್ಲಿ ಕಪ್ಪು ಹಲಗೆಯ ಮೇಲೆ ಎರಡು ಕಾಲಂ ಗೀಚಿ, ಪ್ರತಿಯೊಂದು ಕಡಿತವನ್ನೂ ಬರೆದು ತೋರಿಸಿದೆ. ಸಾಕ್ಷಿಗೆಂದು ನನ್ನ ಪಾಲಿಸಿಯ ಕಾಗದವನ್ನೇ ಎತ್ತಿ ಹಿಡಿದೆ. ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ತಿಕೋಟಾದಿಂದ ಬಂದು ಸರ್ಕಾರಿ ನೌಕರಿ ಸೇರಿದ್ದ ಹಳೆಯ ಗೆಳತಿಯರು ಅಲ್ಲಿದ್ದರು. ಅವರ ಪಾಲಿಸಿಗಳನ್ನು ತುಂಬಿದ್ದೂ ಅದೇ ದುಂಡಗಿನ ಅಕ್ಷರ. ಹಿಂದಿನ ಸಾಲಿನಲ್ಲಿ ಅವರಲ್ಲೊಬ್ಬರು ತಲೆ ತಗ್ಗಿಸಿದ್ದನ್ನು ನೋಡಿಯೂ ನಾನು ಮಾತು ಮುಂದುವರಿಸಿದೆ. ನನ್ನ ಮಾತು ಕೇಳಿ ಇನ್ನೂ ಕೆಲವರು ಪಾಲಿಸಿ ಮುಚ್ಚಲು ಹೊರಟರು, ಸುದ್ದಿ ಮಾಸ್ತರರಿಗೂ ಮುಟ್ಟಿತು.

ಎರಡು ವಾರ ಕಳೆದ ಮೇಲೆ ಮಾಸ್ತರರು ಮನೆಗೆ ಬಂದರು. ನನ್ನ ಪಾಲಿಸಿ ಮುಚ್ಚುವ ಅರ್ಜಿಯನ್ನು ಕಂಪನಿಯ ಕಚೇರಿಯಿಂದ ತಾವೇ ತಂದಿದ್ದರು. ಕನ್ನಡಕ ಏರಿಸಿ, ಒಂದೂ ಚಿತ್ತಿಲ್ಲದಂತೆ ತುಂಬಿ, ಸಹಿ ಮಾಡಬೇಕಾದ ಕಡೆ ಪೆನ್ಸಿಲಿನಿಂದ ಚುಕ್ಕೆ ಇಟ್ಟುಕೊಟ್ಟರು. ನಾನು ಕಂಪನಿಯ ತಪ್ಪು, ಶಾಲೆಯ ತಪ್ಪು, ಏಜೆಂಟರನ್ನು ಕಮಿಷನ್ನಿನ ಮೇಲೆಯೇ ಬದುಕಿಸುವ ವ್ಯವಸ್ಥೆಯ ತಪ್ಪು ಎಂದು ವಿವರಿಸತೊಡಗಿದೆ. ಅವರು ಪೆನ್ನಿನ ಟೊಪ್ಪಿ ಹಾಕುತ್ತ ಕೇಳಿಸಿಕೊಂಡರು.

“ನೀವು ಬರದದ್ದು ಖರೇನ ಐತ್ರಿ, ಅಕ್ಕೋರ. ಮೊದಲ ನನ್ನ ಮುಂದ ಹೇಳಿದ್ರ ಆ ಹಲಗಿ ಮ್ಯಾಲ ನಾನಽ ಬರದಕೊಡ್ತಿದ್ದೆ. ನಿಮ್ಮ ಅಕ್ಷರ ಹಿಂದಿನ ಸಾಲಿಗೆ ಕಾಣೂದಿಲ್ಲ.”

ಹೇಳಿ ನಕ್ಕರು. ನಾನೂ ನಕ್ಕೆ. ಅಕ್ಕೋರು ಎಂದು ನಮ್ಮಲ್ಲಿ ಮಕ್ಕಳೂ ಪಾಲಕರೂ ಶಿಕ್ಷಕಿಯರನ್ನು ಕರೆಯುತ್ತಾರೆ. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಚಹಾ ಬೇಡವೆಂದು ಎದ್ದರು.

ಆ ವರ್ಷದ ದಸರೆಗೆ ಅವರು ಬರಲಿಲ್ಲ. ಚೂಡಾ ಕಲಸಿಟ್ಟು ಕಾಯುತ್ತಿದ್ದೆ. ರೈಲ್ವೆ ಗೇಟು ಬಿದ್ದಿರಬೇಕೆಂದುಕೊಂಡೆ, ಬಸ್ಸು ತಪ್ಪಿರಬೇಕೆಂದುಕೊಂಡೆ. ಅಂಗಳದಲ್ಲಿ ಬಿಳಿ ಅಂಗಿ ಕಂಡಾಗಲೆಲ್ಲ ಎದ್ದು ನಿಂತೆ. ಮಗಳು ಪಾಟಿ ತಂದು ಸ್ವಲ್ಪ ಹೊತ್ತು ಕುಳಿತು ಎದ್ದು ಹೋದಳು. ಮರುವರ್ಷವೂ ಹಾಗೆಯೇ ಆಯಿತು. ಖಾತೆಯ ವಿವರ ಮೊಬೈಲಿಗೆ ಬರುತ್ತದೆ, ಹಣ ಬೆಳೆಯುತ್ತಿದೆ; ಅದನ್ನು ತೋರಿಸಬೇಕೆಂದು ನನಗೆ ಮೊದಲು ನೆನಪಾಗುವುದು ಅವರೇ.

ಈ ಸಲ ತಾಟಿನಲ್ಲಿದ್ದ ಬನ್ನಿ ಎಲೆಗಳನ್ನು ನೋಡುತ್ತ ಕುಳಿತಾಗ ಒಂದು ಮಾತು ಹೊಳೆಯಿತು. ಬನ್ನಿ ಹಿಡಿದು ಹೋಗಬೇಕಾದವರು ಕಿರಿಯರು. ಹಿರಿಯರು ಮನೆಯಲ್ಲಿ ಕುಳಿತು ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷ ನಮ್ಮಿಬ್ಬರ ನಡುವೆ ಇದು ತಿರುಗಿ ನಡೆದಿತ್ತು. ಹಿರಿಯರೊಬ್ಬರು ಎರಡು ಬಸ್ಸು ಹಿಡಿದು ನನ್ನ ಬಾಗಿಲಿಗೆ ಬರುವುದನ್ನು, ಸಮಾನತೆಯ ಬಗ್ಗೆ ಅಷ್ಟೊಂದು ಮಾತನಾಡುವ ನಾನು, ಏಜೆಂಟರ ಕರ್ತವ್ಯವೆಂಬಂತೆ ಸ್ವೀಕರಿಸಿದ್ದೆ. ಕಂಪನಿಯ ತಪ್ಪುಗಳನ್ನು ಹಲಗೆಯ ಮೇಲೆ ಬರೆದಿದ್ದೆ. ಇದನ್ನು ಬರೆದಿರಲಿಲ್ಲ.

ಎಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮಧ್ಯಾಹ್ನವೇ ಹೊರಟೆ. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಜೈನಾಪುರದಲ್ಲಿ ಇಳಿದಾಗ, ಕಪ್ಪು ಎರಿಮಣ್ಣಿನ ಹೊಲಗಳಲ್ಲಿ ತೊಗರಿ ಹೂ ಬಿಟ್ಟಿತ್ತು. ಮಾಸ್ತರರು ಈಗ ಟ್ರ್ಯಾಕ್ಟರುಗಳ ಮೇಲೆ ಹೆಸರು ಬರೆದು ಸಂಪಾದಿಸುತ್ತಾರೆಂದು ಕೇಳಿದ್ದೆ. ಹಬ್ಬಕ್ಕೆ ಪೂಜೆಯಾಗಿ ದಾರಿ ಬದಿಗೆ ನಿಂತಿದ್ದ ಟ್ರೇಲರುಗಳ ಮೇಲೆ ಆ ದುಂಡಗಿನ ಅಕ್ಷರವನ್ನು ಗುರುತಿಸುತ್ತ ಅವರ ಮನೆ ಮುಟ್ಟಿದೆ.

ಅವರು ಕಟ್ಟೆಯ ಮೇಲಿದ್ದರು. ಉಗುರಿನ ಸಂದಿಯಲ್ಲಿ ಕೆಂಪು ಬಣ್ಣ ಉಳಿದಿತ್ತು. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಎಲೆಗಳನ್ನು ಅವರ ಕೈಗಿತ್ತು ಕಾಲಿಗೆರಗಿದೆ.

“ಮೊದಲು ನಿಮ್ಮ ಮುಂದೆ ಹೇಳಬೇಕಿತ್ತು ಸರ್, ತಪ್ಪಾಯಿತು” ಎಂದೆ.

“ಇರ್ಲಿ ಬಿಡ್ರಿ” ಎಂದು ಅವರು ಎಲೆಗಳನ್ನು ಜೇಬಿಗಿಟ್ಟುಕೊಂಡರು. ಮಗಳು ಈಗ ಎಷ್ಟನೆಯ ತರಗತಿ ಎಂದು ಕೇಳಿದರು, ಅವಳಿಗೆಂದು ಒಂದು ಹಾಳೆಯ ಮೇಲೆ ನವಿಲು ಬರೆದುಕೊಟ್ಟರು. ಮಾತು ಎಲ್ಲ ಕಡೆ ಹೋಗಿ ಬಂತು, ಪಾಲಿಸಿಯ ಹತ್ತಿರ ಮಾತ್ರ ಸುಳಿಯಲಿಲ್ಲ.

ಚಹಾ ತಂದ ಅವರ ಹೆಂಡತಿ ನನ್ನ ಪಕ್ಕ ಕುಳಿತು ಮೆಲ್ಲಗೆ ಹೇಳಿದರು: “ಎರಡ ವರ್ಷ ಆತವಾ, ಹಬ್ಬದ ದಿನ ಮಧ್ಯಾನದಾಗನ ಅಂಗಿ ಹಾಕ್ಕೊಂಡ ಕುಂದರತಾರ. ಬಸ್ಸ ಬರತೈತಿ, ಹೋಗತೈತಿ. ಇವರು ಏಳಂಗಿಲ್ಲ.”

ಅವರು ಅದನ್ನು ಕೇಳಿಸಿಕೊಳ್ಳದವರಂತೆ ರಸ್ತೆಯ ಕಡೆ ನೋಡುತ್ತಿದ್ದರು.

ಬಸ್ಸಿನ ತನಕ ನನ್ನ ಜೊತೆ ನಡೆದು ಬಂದರು. ನಾನು ಮೆಟ್ಟಿಲು ಹತ್ತಿದ ಮೇಲೆ, “ಬರೂ ವರ್ಷನೂ ಬರ್ರಿ, ಅಕ್ಕೋರ” ಎಂದರು. ಕರೆದದ್ದು ಮನಸ್ಸಿನಿಂದಲೇ; ಅದು ನನಗೆ ಗೊತ್ತು. ಕಿಟಕಿಯ ಬಳಿ ಕುಳಿತು ಹಿಂದಿರುಗಿ ನೋಡಿದಾಗ ಬಿಳಿ ಅಂಗಿ ಇನ್ನೂ ಅಲ್ಲಿಯೇ ನಿಂತಿತ್ತು.

ಬರುವ ದಸರೆಗೂ ಹೋಗುತ್ತೇನೆ. ಅದರ ಮುಂದಿನ ದಸರೆಗೂ. ಎಂದಾದರೊಮ್ಮೆ ಅವರು ಮೈಮರೆತು ತಂಗಿ ಎಂದಾರು.